ಹೊಸ್ತಿಲು ತುಳಿಯದವಳು

ಪಕ್ಕದ ಮನೆಯ ಹಸಿರು ಬಾಗಿಲಿಗೆ ಬೂದಿ ಬಣ್ಣ ಬಳಿದಿದ್ದಾರೆ. ಹೊಸದಾಗಿ ಬಂದಿರುವ ಗಂಡ ಹೆಂಡತಿ ಒಳ್ಳೆಯವರೇ. ಎದುರು ಸಿಕ್ಕರೆ ನಗುತ್ತಾರೆ, ತಮ್ಮ ನಾಯಿಯ ಕೈಯಲ್ಲೂ ನನಗೆ ನಮಸ್ಕಾರ ಮಾಡಿಸುತ್ತಾರೆ. ಆದರೆ ನಾನು ಕುಟ್ಟಾಣಿಯಲ್ಲಿ ಚಟ್ನಿ ಕುಟ್ಟಿದರೆ ಗೋಡೆಯಾಚೆಯಿಂದ ಯಾರೂ ಎದ್ದು ಬರುವುದಿಲ್ಲ. ಹಾಗೆ ಎದ್ದು ಬರುತ್ತಿದ್ದವಳು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಹೆಚ್ಚು ನರಳಲಿಲ್ಲ, ಯಾರನ್ನೂ ಹೆಚ್ಚು ಓಡಾಡಿಸಲೂ ಇಲ್ಲ.

ಆಕೆಯ ಕಚೇರಿಯವರು ನೆನಪಿನ ನಾಲ್ಕು ಮಾತು ಬರೆದುಕೊಡಿ ಅಂತ ನೆರೆಹೊರೆಯವರನ್ನು ಕೇಳಿದ್ದರು. ಡಚ್ಚಿನಲ್ಲಿ ನನಗೆ ಬರುವುದು ತರಕಾರಿ ಹೆಸರು, ಬಸ್ ನಿಲ್ದಾಣದ ಹೆಸರು, ಎರಡು ಬೈಗುಳ. ಆ ಸಾಮಗ್ರಿಯಲ್ಲಿ ಶ್ರದ್ಧಾಂಜಲಿ ಆಗುವುದಿಲ್ಲ. ಮೊಮ್ಮಗಳು ಫೋನಿಗೆ ಕನ್ನಡ ಹಾಕಿಕೊಟ್ಟಳು. ಒಂದು ಬೆರಳಿನಲ್ಲಿ ಒತ್ತುತ್ತಾ ಬಂದಿದ್ದೇನೆ. ಆಕೆಯ ಹೆಸರು ಮಾತ್ರ ಹಾಕುವುದಿಲ್ಲ. ತಾನು ಬರೆದ ನಕ್ಷೆಗಳ ಮೂಲೆಯಲ್ಲೂ ಆಕೆ ಹೆಸರು ಹಾಕಿಕೊಂಡವಳಲ್ಲ.

ನಾನು ಹಾರ್ಲೆಮ್‌ನ ಮಗಳ ಮನೆಗೆ ಬಂದ ಹೊಸದು. ಮೈಸೂರಿನಿಂದ ಕಲ್ಲಿನ ಕುಟ್ಟಾಣಿ ಹೊತ್ತು ತಂದಿದ್ದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಎತ್ತಲಾರದೆ ಎತ್ತಿ ನೋಡಿದ ಹುಡುಗಿ ಇದೇನು ಅಂದಾಗ "ಮಿಕ್ಸರ್" ಅಂದಿದ್ದೆ. ಒಂದು ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕಡಲೆಕಾಯಿ ಬೀಜ ಕುಟ್ಟುತ್ತಾ ಕೂತಿದ್ದಾಗ ಮಗಳು ಕಿವಿ ಮುಚ್ಚಿಕೊಂಡು ಬಂದಳು.

"ಅಮ್ಮಾ, ಮೆಲ್ಲಗೆ. ಇಲ್ಲಿ ನೈಬರ್ಸ್ ಕಂಪ್ಲೇಂಟ್ ಕೊಟ್ರೆ ಹೆಮೆಂಟೆಯಿಂದ ಲೆಟರ್ ಬರುತ್ತೆ."

ಹೆಮೆಂಟೆ ಅಂದರೆ ಇಲ್ಲಿನ ನಗರಸಭೆ. ಮಗಳಿಗೆ ದೇವರಿಗಿಂತ ಅದರ ಭಯ ಹೆಚ್ಚು.

"ಬರ್ಲಿ ಬಿಡೇ. ನಂಗೆ ಅಂತ ಒಂದು ಲೆಟರ್ ಬಂದು ಎಷ್ಟು ವರ್ಷ ಆಯ್ತು," ಅಂದೆ.

ಅಷ್ಟರಲ್ಲಿ ಕರೆಗಂಟೆ ಆಯಿತು. ಮಗಳ ಮುಖ ಬಿಳಿಚಿಕೊಂಡಿತು. ಬಾಗಿಲು ತೆಗೆದರೆ ಅರವತ್ತರ ಆಸುಪಾಸಿನ ಹೆಂಗಸು. ಕತ್ತರಿಸಿದ ನರೆಗೂದಲು, ಅದರಲ್ಲಿ ಸಿಕ್ಕಿಸಿದ ಪೆನ್ಸಿಲ್ಲು, ಕಾಲಲ್ಲಿ ಹವಾಯಿ ಚಪ್ಪಲಿ.

"ಶೇಂಗಾ ಚಟ್ನಿ ಅಲ್ಲೇನ್ರಿ?" ಅಂದಳು.

ನಾನು ಹೌದು ಅನ್ನುವ ಮೊದಲೇ ಆಕೆ ಮುಂದುವರಿಸಿದಳು. "ಬಾಜೂ ಮನಿಯಾಕಿ ನಾನು. ನಡುವಿನ ಗ್ವಾಡಿ ಒಂದ ಇಟ್ಟಂಗಿ ದಪ್ಪ ಅದ. ನೀವು ಮಗಳಿಗೆ ಬೈಯೋದೆಲ್ಲಾ ಕೇಳಸ್ತದ. ಕನ್ನಡದಾಗ ಬೈಗುಳ ಕೇಳಿ ಭಾಳ ವರ್ಷ ಆಗಿತ್ತು, ಸುಮ್ನ ಕೂತು ಕೇಳಿದೆ. ಆದ್ರ ಈಗ ಭಾಳ ಹೊತ್ತಿಂದ ಕುಟ್ಟಲಿಕ್ಕತ್ತೀರಿ. ಶೇಂಗಾ ಅಷ್ಟು ನುಣ್ಣಗ ಮಾಡಬಾರದ್ರಿ, ಎಣ್ಣಿ ಬಿಡ್ತದ."

ಧಾರವಾಡದವಳು. ಓದಲು ಬಂದು ಇಲ್ಲೇ ನಿಂತವಳು, ಒಂಟಿ. ಮೊದಲ ದಿನವೇ ನನ್ನನ್ನು "ಮಾವಶಿ" ಅಂದಳು. ಅವರ ಕಡೆ ತಾಯಿಯ ತಂಗಿಗೆ ಹಾಗೆ ಕರೆಯುತ್ತಾರಂತೆ. ನಾನು ಒಂದು ವಾರ ನೀವು ಅಂದೆ, ಆಮೇಲೆ ನೀನು ಅಂದೆ. ಚಟ್ನಿ ತಿದ್ದಲು ಬಂದವಳಿಗೆ ಎಷ್ಟು ದಿನ ಮರ್ಯಾದೆ ಕೊಡಲಾಗುತ್ತದೆ.

ಅವತ್ತು ಹೊರಡುವಾಗ ಬೆರಳ ಗೆಣ್ಣಿನಿಂದ ನಮ್ಮ ಹಾಲಿನ ಗೋಡೆಯನ್ನು ಎರಡು ಕಡೆ ಬಡಿದು, ಕಿವಿ ಕೊಟ್ಟು, "ಇಲ್ಲೊಂದು ಒಲಿ ಇತ್ತು, ಮುಚ್ಯಾರ," ಅಂದು ಹೋದಳು. ಅಳಿಯ ಅವತ್ತೆಲ್ಲಾ ಆ ಗೋಡೆ ಬಡಿಯುತ್ತಾ ಕೂತಿದ್ದ.

ಹಳೆಯ ಕಟ್ಟಡಗಳನ್ನು ದಾಖಲೆ ಮಾಡುವುದು ಆಕೆಯ ಕೆಲಸ. ಯಾವುದಾದರೂ ಹಳೇ ಮನೆಯನ್ನು ರಿಪೇರಿಗೆ ತೆಗೆದುಕೊಳ್ಳುವ ಮೊದಲು ಈಕೆ ಹೋಗಿ ಗೋಡೆ, ಬಾಗಿಲು, ಛಾವಣಿ, ಬಣ್ಣದ ಪದರ, ಕಿಟಕಿಯ ತಿರುಗುಣಿ ಎಲ್ಲವನ್ನೂ ಅಳೆದು ಬರೆಯಬೇಕು, ಯಾವುದು ಮೊದಲಿನದು ಯಾವುದು ಆಮೇಲಿನದು ಅಂತ ಹೇಳಬೇಕು. ಈ ಬುದ್ಧಿಯನ್ನು ಕಚೇರಿಯಲ್ಲೇ ಕಳಚಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಹೂಫ್‌ಡಾರ್ಪ್‌ನಲ್ಲಿ ನಮ್ಮ ಕನ್ನಡದ ಹುಡುಗನೊಬ್ಬ ಹಳೇ ಕಾಲದ ಮನೆ ಕೊಂಡೆ ಅಂತ ಗೃಹಪ್ರವೇಶಕ್ಕೆ ಎಲ್ಲರನ್ನೂ ಕರೆದಿದ್ದ. ಹಾಲಿನ ಮಧ್ಯೆ ನಿಂತು ತಲೆಯ ಮೇಲಿನ ಕಪ್ಪು ತೊಲೆ ತೋರಿಸಿ, "ಆಂಟಿ, ಇದು ಹಡಗಿನ ಮರ," ಅಂದ. ಈಕೆ ಕೋಸಂಬರಿ ತಟ್ಟೆ ಕೆಳಗಿಟ್ಟು, ಕುರ್ಚಿ ಹತ್ತಿ, ಉಗುರಿನಿಂದ ಕೆರೆದು, "ಫೋಮ್ ಅದಪಾ. ಅಂಟಿಸ್ಯಾರ. ಮ್ಯಾಲೆ ಪೈಪ್ ಇರಬೇಕು ನೋಡು," ಅಂದಳು. ಮನೆಯೊಡತಿ ಆಮೇಲೆ ಪಾಯಸ ಬಡಿಸುವಾಗ ಇವಳ ಲೋಟ ದಾಟಿ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ವಾಪಸ್ಸು ಬರುವಾಗ ಕಾರಿನಲ್ಲಿ ಮಗಳು ಹೇಳಿದಳು, "ಆಂಟಿ, ಸುಮ್ನೆ ಚೆನ್ನಾಗಿದೆ ಅನ್ಬೋದಿತ್ತಲ್ವಾ?"

"ಕೇಳಿದನಲ್ಲಾ ಆಂವ?"

"ಕೇಳ್ಲಿಲ್ಲ. ತೋರಿಸ್ದ ಅಷ್ಟೇ."

"ತೋರಸೋದಂದ್ರ ಕೇಳೋದ."

ಆಕೆಯ ತಂದೆಗೆ ಮೇಲಿಂದ ಮೇಲೆ ವರ್ಗವಾಗುವ ನೌಕರಿ ಇತ್ತಂತೆ. ಬಿಜಾಪುರ, ಗದಗ, ಕಾರವಾರ, ಮತ್ತೆ ಧಾರವಾಡ. ಹೊಸ ಮನೆಗೆ ಹೋದ ದಿನ ಹಳೇ ಮನೆಯ ನಕ್ಷೆ ಬರೆಯುತ್ತಾ ಕೂರುತ್ತಿದ್ದಳಂತೆ. "ನೀರಿನ ಹಂಡೆ ಎಲ್ಲಿತ್ತು, ಅವ್ವ ಎಲ್ಲಿ ಕೂತು ಹೂ ಕಟ್ತಿದ್ಲು, ಬರದಿಡದಿದ್ರ ಎರಡನೇ ಮನಿ ಮೊದಲನೇ ಮನೀನ್ನ ತಿಂದಬಿಡ್ತದ ಮಾವಶಿ," ಅಂದಿದ್ದಳು. ಅಷ್ಟು ಹೇಳಿ ಕೂಡಲೇ ಮಾತು ಬದಲಿಸಿ, ನನ್ನ ಹುಳಿಗೆ ಬೆಲ್ಲ ಕಡಿಮೆ ಅಂದಳು.

ನಾನು ಆಕೆಯ ಜೊತೆ ಕೆಲಸಕ್ಕೆ ಹೋಗುವಂತಾದದ್ದು ಕಾಲುವೆ ದಂಡೆಯ ಸರ್ಕಾರಿ ನಿವಾಸದಿಂದ. ಹಿಂದೆ ದೊಡ್ಡ ಹುದ್ದೆಯವರು ಒಬ್ಬರಾದ ಮೇಲೊಬ್ಬರಂತೆ ಬಂದು, ಇದ್ದು, ಹೋದ ಮನೆ ಅದು. ಈಗ ಖಾಲಿ. ಸಭೆಗಳಿಗೂ ಅತಿಥಿಗಳಿಗೂ ಆಗುವಂತೆ ಸರಿಪಡಿಸಲು ಹೊರಟಿದ್ದರು. ಈಕೆಗೆ ಅದು ನಿವೃತ್ತಿಗೆ ಮುಂಚಿನ ಕೊನೆಯ ಮನೆ. ಫೋಟೊ ತೆಗೆಯುವಾಗ ಗೋಡೆಯ ಪಕ್ಕ ಕೆಂಪು ಬಿಳಿ ಪಟ್ಟೆಯ ಅಳತೆ ಕೋಲನ್ನು ನೆಟ್ಟಗೆ ಹಿಡಿದು ನಿಲ್ಲಲು ಒಬ್ಬರು ಬೇಕು. ಆಕೆಯ ಸಹಾಯಕಿ ವಾರದಲ್ಲಿ ಕೆಲವು ದಿನ ಮಾತ್ರ ಬರುತ್ತಿದ್ದಳು. ಮಿಕ್ಕ ದಿನಕ್ಕೆ ನನ್ನನ್ನು ಕೇಳಿದಳು.

"ಅಮ್ಮ, ಗೌರ್ಮೆಂಟ್ ಮನೆ. ಅಲ್ಲಿ ಹೋಗಿ ಏನೂ ಮುಟ್ಬೇಡ, ಯಾರ ಹತ್ರನೂ ಮಾತಾಡ್ಬೇಡ," ಅಂತ ಮಗಳು ಎಚ್ಚರಿಸಿದಳು.

"ಕೋಲು ಹಿಡ್ಕೊಳ್ಳೋಕೆ ಕರೆದಿರೋದು. ಕೋಲಿನ ಹತ್ರ ಏನು ಮಾತಾಡ್ಲಿ?"

ಹೋಗುವುದು ಹೇಗೆ ಅನ್ನುವುದೇ ಸಮಸ್ಯೆ. ನನಗೆ ಸೈಕಲ್ ಬರುವುದಿಲ್ಲ, ಆಕೆಗೆ ಬಸ್ಸು ಆಗುವುದಿಲ್ಲ. ಕಡೆಗೆ ಎದುರು ಮನೆಯವರ ಡಬ್ಬಿ ಸೈಕಲ್ ಕೇಳಿ ತಂದಳು. ಇಲ್ಲಿ ತಾಯಂದಿರು ಮುಂದಿನ ಮರದ ಪೆಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿ ತುಳಿಯುತ್ತಾರಲ್ಲ, ಅದು. ಪೆಟ್ಟಿಗೆಯಲ್ಲಿ ಅಳತೆ ಕೋಲು, ಮೂರು ಕಾಲಿನ ಯಂತ್ರ, ಊಟದ ಡಬ್ಬಿ, ಮಂಡಿ ಮಡಚಿದ ನಾನು. ಮಗಳು ಮಹಡಿಯ ಕಿಟಕಿಯಿಂದ ಬಗ್ಗಿ, "ಅಮ್ಮಾ, ಇಳಿ. ಯಾರಾದ್ರೂ ನೋಡಿದ್ರೆ?" ಅಂದಳು.

"ನೋಡ್ಲಿ ಅಂತ್ಲೇ ಒಳ್ಳೆ ಸೀರೆ ಉಟ್ಟಿರೋದು," ಅಂದೆ. ಸೇತುವೆ ಬಂದಾಗಲೆಲ್ಲ ಆಕೆ ಏದುಸಿರು ಬಿಡುತ್ತಾ, "ಮಾವಶಿ, ನಾಳಿಂದ ಅನ್ನ ಕಡಿಮಿ ಮಾಡ್ರಿ," ಅನ್ನುತ್ತಿದ್ದಳು.

ಆ ಮನೆಯನ್ನು ನೋಡಿಕೊಳ್ಳುವವನು ಒಬ್ಬ ಇದ್ದ. ಬೀಗದ ಕೈಗಳ ಗೊಂಚಲು ಹೊತ್ತು, ಸದಾ ಏನನ್ನೋ ಗುನುಗುತ್ತಾ ತಿರುಗುವ ದಪ್ಪ ಮೀಸೆಯ ಮನುಷ್ಯ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ತೂಕ, ಹಾಗಾಗಿ ನಮಗಿಬ್ಬರಿಗೆ ಚೆನ್ನಾಗಿ ಹೊಂದಿಕೆಯಾಯಿತು. ಮೂರನೆಯ ದಿನ ಅವನು ನಮ್ಮಿಬ್ಬರನ್ನೂ ನೋಡಿ ನಕ್ಕ. ನಾವು ಕಾಲುವೆಯ ದಂಡೆಯಲ್ಲಿ ನಿಲ್ಲುವ ಕೊಕ್ಕರೆಗಳ ಹಾಗೆ ನಡೆಯುತ್ತೇವಂತೆ. ಬಾಗಿಲು ಬಂದ ಕೂಡಲೇ ಕಾಲು ಮೇಲೆತ್ತುತ್ತೇವಂತೆ. ಹೊಸ್ತಿಲು ದಾಟಬೇಕು, ತುಳಿಯಬಾರದು ಅಂತ ಅವನಿಗೆ ವಿವರಿಸಿದೆ. ಅಲ್ಲಿ ಲಕ್ಷ್ಮಿ ಇರುತ್ತಾಳೆ ಅಂದೆ. ಅವನು ಬಗ್ಗಿ ನೋಡಿ, ಕಾಣಿಸುತ್ತಿಲ್ಲವಲ್ಲ ಅಂದ.

ಈಕೆಯ ಕೆಲಸ ನೋಡುವುದೇ ಒಂದು ಮಜಾ. ಮೂರು ಕಾಲಿನ ಯಂತ್ರವನ್ನು ಕೋಣೆಯ ಮಧ್ಯೆ ಇಟ್ಟರೆ ಅದು ಸುತ್ತ ತಿರುಗಿ ಗೋಡೆಗಳ ಅಳತೆಯನ್ನೆಲ್ಲ ತಾನೇ ತೆಗೆದುಕೊಳ್ಳುತ್ತದೆ. ನಾನು ಅದಕ್ಕೆ ಬುಗುರಿ ಅಂತ ಹೆಸರಿಟ್ಟೆ. ಬುಗುರಿ ತಿರುಗಿ ನಿಂತ ಮೇಲೂ ಈಕೆಗೆ ಸಮಾಧಾನವಿಲ್ಲ. ಬಾಗಿಲಿಗೆ ದೂರದ ಮೂಲೆಯಲ್ಲಿ ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಪೆನ್ಸಿಲ್ಲಿನಲ್ಲಿ ಮತ್ತೆ ಬರೆಯುತ್ತಿದ್ದಳು. ನನ್ನನ್ನೂ ಕೂರಿಸುತ್ತಿದ್ದಳು.

"ನಿಂತು ನೋಡಿದ್ರ ಸಾಹೇಬರ ಖೋಲಿ ಕಾಣಸ್ತದ, ಕುಂತು ನೋಡಿದ್ರ ನೆಲಾ ಒರಸಾಕಿ ಖೋಲಿ ಕಾಣಸ್ತದ. ಎರಡೂ ಬರೀಬೇಕು."

ಕೂರುವುದೇನೋ ಕೂತೆ. ಏಳಲು ಮೀಸೆಯವನು ಬಂದು ತೋಳು ಹಿಡಿಯಬೇಕಾಯಿತು. ಅವತ್ತಿನಿಂದ ನನಗೊಂದು ಗಿಡ್ಡ ಮಣೆ ತಂದಿಟ್ಟ. ಸರ್ಕಾರಿ ನಿವಾಸದಲ್ಲಿ ಖಾಯಂ ಆಸನ ಪಡೆದವಳು ನಮ್ಮ ವಂಶದಲ್ಲಿ ನಾನೊಬ್ಬಳೇ.

ಆ ಮನೆಯ ಹೆಮ್ಮೆ ಅಂದರೆ ನೆಲಮಾಳಿಗೆಯ ಮೇಲಿನ ಊಟದ ಹಾಲು. ಕಪ್ಪು ಬಿಳುಪು ಕಲ್ಲಿನ ಚೌಕದ ನೆಲ, ಸುಣ್ಣದಲ್ಲಿ ಹಣ್ಣು ಎಲೆ ತೆಗೆದ ಛಾವಣಿ. ಬಂದವರೆಲ್ಲ ಅದನ್ನೇ ನೋಡಿ ತಲೆದೂಗುತ್ತಿದ್ದರು. ಈಕೆ ಮನಸ್ಸು ಕೊಟ್ಟದ್ದು ಅದರ ಹಿಂದಿನ ಚಿಕ್ಕ ಕೋಣೆಗೆ. ಹಾಲಿನಿಂದ ಒಂದು ಬಾಗಿಲು ದಾಟಿದರೆ ಅದು. ಹಲಗೆಯ ನೆಲ, ತಗ್ಗಾದ ಛಾವಣಿ, ತಟ್ಟೆ ತೊಳೆಯುವ ಕಲ್ಲಿನ ತೊಟ್ಟಿ, ಗೋಡೆ ತುಂಬ ತಟ್ಟೆ ಜೋಡಿಸುವ ಗೂಡು, ತೋಟದ ಕಡೆಗೊಂದು ದೊಡ್ಡ ಕಿಟಕಿ. ತಟ್ಟೆ ತೊಳೆಯುವವಳ ಮೊಣಕೈ ಊರಿ ಊರಿ ಕಿಟಕಿಯ ಕಟ್ಟೆಯಲ್ಲಿ ಒಂದು ಕಡೆ ಸಣ್ಣ ತಗ್ಗು ಬಿದ್ದಿತ್ತು. ಈಕೆ ಅಲ್ಲೇ ಕೂತು ರೊಟ್ಟಿ ಬಿಚ್ಚುತ್ತಿದ್ದಳು.

"ನೋಡ್ರಿ ಮಾವಶಿ, ಇಡೀ ಮನಿಯೊಳಗ ಚಲೋ ಕಿಟಕಿ ಯಾರ ಪಾಲಿಗೆ ಬಂದದ? ಮುಸುರಿ ತಿಕ್ಕಾಕಿಗೆ."

"ಸಾಹೇಬ್ರಿಗೆ ಗೊತ್ತಾಗಿರಲ್ಲ," ಅಂದೆ. "ಗೊತ್ತಾಗಿದ್ರೆ ಅವಳನ್ನ ಎಬ್ಬಿಸಿ ತಾವೇ ಕೂರ್ತಿದ್ರು."

ಆ ಕೋಣೆಯೇ ಹೋಗಬೇಕಿತ್ತು. ರಿಪೇರಿಯ ಯೋಜನೆಯಲ್ಲಿ ಅದನ್ನು ಒಡೆದು ಅಲ್ಲಿ ಲಿಫ್ಟ್ ಹಾಕುವುದು ಅಂತ ಬರೆದಾಗಿತ್ತು. ಯೋಜನೆಯ ಉಸ್ತುವಾರಿ ನೋಡುವ ಅಧಿಕಾರಿ ಬಹಳ ಎತ್ತರದ ಮನುಷ್ಯ, ಆ ತಗ್ಗು ಕೋಣೆಗೆ ಬಂದರೆ ಪ್ರಶ್ನೆಯ ಚಿಹ್ನೆಯ ಹಾಗೆ ನಿಲ್ಲುತ್ತಿದ್ದ. ಅವನ ಮಾತಲ್ಲೂ ನ್ಯಾಯವಿತ್ತು. ಗಾಲಿಕುರ್ಚಿಯವರು ಮಹಡಿಗೆ ಹೋಗುವುದು ಹೇಗೆ. ನನ್ನ ಮಂಡಿಗಳು ಪೂರ್ತಿ ಅವನ ಪಕ್ಷ.

ಈಕೆಯ ವಾದ ಬೇರೆ. ಆ ಚಿಕ್ಕ ಕೋಣೆ ಮನೆಗಿಂತ ಹಳೆಯದು ಅನ್ನುವುದು. ಮೊದಲು ಅಲ್ಲೊಂದು ಸಣ್ಣ ಮನೆ ಇತ್ತು, ದೊಡ್ಡ ಮನೆ ಕಟ್ಟುವಾಗ ಅದರ ಒಂದು ಕೋಣೆಯನ್ನು ಉಳಿಸಿ ಜೋಡಿಸಿಕೊಂಡರು ಅಂತ. ತಗ್ಗು ಛಾವಣಿ, ಆ ತೊಟ್ಟಿಯ ಕಲ್ಲು ಎಲ್ಲ ಆಕೆಗೆ ಹಾಗೆ ಹೇಳುತ್ತಿದ್ದವು. ಅದು ನಿಜವಾದರೆ ಆ ಕೋಣೆಯ ಒಂದು ಮೊಳೆಯನ್ನೂ ಯಾರೂ ಕೀಳುವಂತಿಲ್ಲ. ಆದರೆ ತೋರಿಸಲು ಆಧಾರ ಬೇಕು. ತೀರ್ಮಾನ ಆಗುವವರೆಗೆ ನೆಲದ ಹಲಗೆ ಎಬ್ಬಿಸುವಂತಿಲ್ಲ, ಗೋಡೆ ಕೊರೆಯುವಂತಿಲ್ಲ. ಹಳೇ ಕಟ್ಟಡಗಳ ಸಮಿತಿಯವರು ಬಂದು ನೋಡಿ ನಿರ್ಧರಿಸುವ ದಿನ ಹತ್ತಿರ ಬರುತ್ತಿತ್ತು. ಈಕೆ ಗೋಡೆ ಬಡಿಯುತ್ತಿದ್ದಳು, ಮೂಸುತ್ತಿದ್ದಳು, ಕಿಟಕಿಯ ಚೌಕಟ್ಟನ್ನು ನೆಕ್ಕುವುದೊಂದು ಬಾಕಿ.

"ಸಿಗದಿದ್ರೆ ಏನಾಗುತ್ತೆ ಬಿಡೇ," ಅಂದೆ ಒಂದು ದಿನ. "ಎಷ್ಟು ಮನೆ ಉಳಿಸಿದ್ದೀಯ."

"ದೊಡ್ಡವರ ಖೋಲಿ ಉಳಸಾಕ ಎಲ್ಲಾರೂ ಬರ್ತಾರ. ನಾ ಬಿಡೋದ್ರೊಳಗ ಒಂದು ಮುಸುರಿ ಖೋಲಿ ಉಳಿಸಿ ಹೋಗಬೇಕು ಅಂತ ಅದ ಮಾವಶಿ." ಅಷ್ಟು ಹೇಳಿ ಪೆನ್ಸಿಲ್ಲು ಚೂಪು ಮಾಡುತ್ತಾ ಕೂತಳು. ಅದು ಆಗಲೇ ಚೂಪಾಗಿತ್ತು.

ಸಮಿತಿ ಬರುವ ಹಿಂದಿನ ವಾರದ ಮಾತು. ಈಕೆ ಚಿಕ್ಕ ಕೋಣೆಯ ಮೂಲೆಯಲ್ಲಿ ನೆಲದ ಮೇಲೆ, ನಾನು ನನ್ನ ಮಣೆಯ ಮೇಲೆ. ಮೀಸೆಯವನು ಕೈಯಲ್ಲಿ ಕಾಫಿಯ ಟ್ರೇ ಹಿಡಿದು, ಗುನುಗುತ್ತಾ ಬಂದು, ಸರಿಯಾಗಿ ಹೊಸ್ತಿಲ ಮೇಲೆ ಎರಡೂ ಕಾಲಿಟ್ಟು ನಿಂತ. ಹೊಸ್ತಿಲು ಕಿರ್ರ್ ಅಂತ ಒಂದು ಕಡೆಗೆ ತಗ್ಗಿತು, ಕಪ್ಪುಗಳು ಕುಣಿದವು.

"ಲಕ್ಷ್ಮಿ ಮೇಲೆ ನಿಂತಿದ್ದೀಯ ಮಾರಾಯ," ಅಂತ ನನ್ನ ಇಂಗ್ಲಿಷಿನಲ್ಲಿ ಗದರಿದೆ.

"ಅದು ಯಾವಾಗಲೂ ಹಾಗೇ," ಅಂದ ಅವನು. "ಸಡಿಲ. ಎಲ್ಲರಿಗೂ ಗೊತ್ತು. ಹಿಂದಿದ್ದವರ ಮಕ್ಕಳು ಅದರ ಮೇಲೆ ಕುಣಿದು ಸದ್ದು ಮಾಡುತ್ತಿದ್ದರು."

ಈಕೆಯ ಕೈ ನಿಂತಿತು. "ಎಲ್ಲಾರಿಗೂ?"

ಅವನು ಮತ್ತೊಮ್ಮೆ ತುಳಿದು ತೋರಿಸಿದ. ಕಿರ್ರ್.

ಈಕೆ ಮೊದಲು ಹೊಸ್ತಿಲನ್ನು ನೋಡಿದಳು, ಆಮೇಲೆ ತನ್ನ ಕಾಲನ್ನು, ಆಮೇಲೆ ನನ್ನನ್ನು. ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಕಣ್ಣಲ್ಲಿ ನೀರು ಬಂತು. "ಮಾವಶಿ, ಇಷ್ಟು ತಿಂಗಳು ಈ ಮನಿಯೊಳಗ ತಿರಗ್ಯಾಡೇನಿ. ಗ್ವಾಡಿ ಬಡದೇನಿ, ಮಾಳಗಿ ಹತ್ತೇನಿ. ದಿನಾ ಈ ಬಾಗಲಾ ದಾಟೇನಿ. ಇದರ ಮ್ಯಾಲೆ ಒಮ್ಮೆರ ಕಾಲಿಟ್ಟೇನೇನು? ಯಾವ ಡಚ್ ಮನಷ್ಯಾ ಇದ್ದಿದ್ರೂ ಮೊದಲ ದಿನಾನ ತುಳದು, ಸಡ್ಲ ಅದ ಅಂತ ಬರಕೋತಿದ್ದ."

"ನಿನ್ನ ಬುಗುರಿನೂ ತುಳಿದಿಲ್ಲ ಬಿಡು," ಅಂದೆ.

ಸಡಿಲವಾದ ಹಲಗೆಯನ್ನು ಕೈಯಲ್ಲೇ ಎತ್ತಿದರೆ ಯಾವ ನಿಯಮವೂ ಮುರಿಯುವುದಿಲ್ಲ. ಮೀಸೆಯವನೂ ಆಕೆಯೂ ಸೇರಿ ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಆಕೆ ಹೊಟ್ಟೆಯ ಮೇಲೆ ಮಲಗಿ, ಟಾರ್ಚ್ ಬಿಟ್ಟು, ಆ ಸಂದಿಯೊಳಗೆ ಇಣುಕಿ ನೋಡಿದಳು.

"ಏನೇ ಕಾಣುತ್ತೆ?"

"ಕರೀದು. ಬಿಳೀದು."

"ಹಾವಾ?"

"ಕಲ್ಲು ಮಾವಶಿ." ಎದ್ದು ಕೂತಳು. ಮೂಗಿನ ತುದಿಗೆ ಧೂಳು. "ಊಟದ ಖೋಲಿ ಕಲ್ಲು ಬಾಗಲಿಗೆ ನಿಂತಿಲ್ಲ. ಗ್ವಾಡಿ ಕೆಳಗ ಹಾದು, ಈ ಹಲಗಿ ಕೆಳಗ ಹೋಗ್ಯಾವ. ಒಂದೂ ಕಡದಿಲ್ಲ. ಗ್ವಾಡಿ ಕಲ್ಲಿನ ಮ್ಯಾಲೆ ಕುಂತದ."

"ಅಂದ್ರೆ?"

"ಅಂದ್ರ ಮೊದಲು ನೆಲ, ಆಮ್ಯಾಲ ಗ್ವಾಡಿ. ಇದು ಹಳೇ ಖೋಲಿ ಅಲ್ಲ. ಊಟದ ಖೋಲಿ ಬಾಲ ಕಡದು ಮಾಡಿದ್ದು. ತೊಟ್ಟಿ ಎಲ್ಲಿಂದಲೋ ತಂದು ಇಟ್ಟಾರ, ಛಾವಣಿ ಸುಳ್ಳ ತಗ್ಗಿಸ್ಯಾರ." ಮೂಗಿನ ಧೂಳು ಒರೆಸಿಕೊಂಡು, "ನಾ ಹೇಳಿದ್ದು ತಪ್ಪು," ಅಂದಳು.

ಮೀಸೆಯವನು ಗುನುಗುವುದನ್ನು ನಿಲ್ಲಿಸಿದ್ದ. ಅವನಿಗೂ ಆ ಕೋಣೆಯ ಮೇಲೆ ಪ್ರೀತಿ, ಯಾರೂ ಹುಡುಕಿ ಬರದ ಹೊತ್ತಿನಲ್ಲಿ ಅಲ್ಲಿ ಕೂತು ಪೇಪರ್ ಓದುತ್ತಿದ್ದವನು. ನಾನೇ ಮೊದಲು ಬಾಯಿ ಬಿಟ್ಟೆ.

"ಹಲಗೆ ವಾಪಸ್ ಇಡೇ. ಮುಚ್ಚಿಬಿಡು. ಯಾರು ಬಂದು ಎತ್ತಿ ನೋಡ್ತಾರೆ?"

ಮೀಸೆಯವನಿಗೆ ಕನ್ನಡ ಬರದಿದ್ದರೂ ನನ್ನ ಕೈಸನ್ನೆ ಅರ್ಥವಾಯಿತು. ಅವನು ಗೋಡೆಯ ಕಡೆ ತಿರುಗಿ ನಿಂತು, ತಾನು ಕಾಫಿ ತರಲು ಹೋಗಿದ್ದೆ, ಏನೂ ನೋಡಿಲ್ಲ ಅಂದ. ತಂದ ಕಾಫಿಯ ಟ್ರೇ ಅವನ ಕಾಲ ಬಳಿಯೇ ಇತ್ತು.

"ನಾ ನೋಡೇನಲ್ಲ ಮಾವಶಿ," ಅಂದಳು ಆಕೆ. ಸಿಟ್ಟಿನಿಂದ ಹೇಳಲಿಲ್ಲ. "ಮಂದಿ ಮನಿಗೆ ಹೋಗಿ ಪಾಯಸ ಕುಡಿಯೋದು ಬಿಟ್ಟು ನಿಮ್ಮ ತೊಲಿ ಖೊಟ್ಟಿ ಅಂತ ಹೇಳಿ ಬರಾಕಿ. ನನ್ನ ಖೋಲಿ ಖೊಟ್ಟಿ ಆತು ಅಂದಕೂಡ್ಲೆ ಬಾಯಿ ಮುಚ್ಚಲೇನು?"

ಅವತ್ತು ಆ ಸಂದಿಯನ್ನು ಬರೆದಳು. ನಾನು ಕೋಲಿನ ಬದಲು ಟಾರ್ಚ್ ಹಿಡಿದೆ. ಕಲ್ಲಿನ ಒಂದೊಂದು ಅಂಚನ್ನೂ, ಅದರ ಮೇಲೆ ಕೂತ ಗೋಡೆಯ ಗಾರೆಯನ್ನೂ ಬರೆದು, ಅಲ್ಲೇ ಕೂತು ಎರಡು ರೊಟ್ಟಿ ತಿಂದಳು. ನಾನು ನನ್ನ ರೊಟ್ಟಿಯನ್ನು ಆಕೆಯ ಕಡೆ ಸರಿಸಿದೆ. ಆಕೆ ನನ್ನ ಪಾಲಿನದನ್ನೂ ತಿಂದಳು.

ಸಮಿತಿಯ ದಿನ ನಾನು ಹಟ ಮಾಡಿ ಹೋದೆ. ಕೋಲು ಹಿಡಿದುಕೊಂಡು ಮೂಲೆಯಲ್ಲಿ ನಿಂತರೆ ಯಾರೂ ಏನೂ ಕೇಳುವುದಿಲ್ಲ, ಮನೆಯ ಸಾಮಾನು ಅಂದುಕೊಳ್ಳುತ್ತಾರೆ. ಎತ್ತರದ ಅಧಿಕಾರಿ ಒಂದು ಕಡೆ, ಸಮಿತಿಯವರು ಇನ್ನೊಂದು ಕಡೆ. ಸಮಿತಿಯ ಮುಖ್ಯಸ್ಥೆ ನನ್ನ ವಯಸ್ಸಿನವಳು, ಬೆಟ್ಟ ಹತ್ತುವವರ ಬೂಟು ಹಾಕಿಕೊಂಡು ಬಂದಿದ್ದಳು. ಈಕೆ ಪೀಠಿಕೆಯಿಲ್ಲದೆ ಹಲಗೆ ಎತ್ತಿಸಿ, ತಾನು ಇಷ್ಟು ದಿನ ಹೇಳಿದ್ದು ತಪ್ಪು, ಕಾರಣ ಇಲ್ಲಿದೆ ಅಂತ ಹೇಳಿದಳು. ಪಕ್ಕದಲ್ಲೇ ನಿಂತ ನನಗೆ ಕನ್ನಡದಲ್ಲಿ ಪಿಸುಮಾತಿನ ಅನುವಾದವೂ ನಡೆದಿತ್ತು.

ಅಧಿಕಾರಿಯ ಮುಖ ಅರಳಿತು. "ಒಡೀಬಹುದಾ ಅಂತ ಕೇಳಲಿಕ್ಕತ್ತಾನ," ಅಂದಳು ನನಗೆ. ಅವನಿಗೆ ಒಂದೇ ಮಾತಿನ ಉತ್ತರ ಕೊಟ್ಟಳು. "ಒಡೀರಿ ಅಂದೆ," ಅಂದಳು ನನಗೆ. ಆಗ ಮಾತ್ರ ಆಕೆಯ ದನಿ ಸ್ವಲ್ಪ ಒಡೆದಿತ್ತು.

ಸಮಿತಿಯ ಮುದುಕಿ ಅಷ್ಟರಲ್ಲಿ ಮೊಣಕಾಲೂರಿ ಸಂದಿಗೆ ಟಾರ್ಚ್ ಬಿಟ್ಟಿದ್ದಳು. ನೋಡಿದಳು, ಎದ್ದಳು, ಊಟದ ಹಾಲಿನ ಆಚೆ ತುದಿಗೆ ನಡೆದು ಹೋಗಿ ಅಲ್ಲಿಂದ ಮತ್ತೆ ನೋಡಿದಳು. ಆಮೇಲೆ ಅಧಿಕಾರಿಗೆ ಏನೋ ಹೇಳಿದಳು. ಅವನ ಅರಳಿದ ಮುಖ ನಿಧಾನವಾಗಿ ಮುದುಡಿತು.

"ಏನಂದ್ಲೇ? ಬೇಗ ಹೇಳು," ಅಂದೆ.

ಈಕೆ ಕಣ್ಣರಳಿಸಿ ನಿಂತಿದ್ದಳು. "ಗ್ವಾಡಿ ಒಡೀರಿ, ಆದ್ರ ಲಿಫ್ಟ್ ಇಲ್ಲೆ ಇಲ್ಲ ಅಂದ್ಲು. ನೆಲ ಒಂದ ಆದ್ರ ಊಟದ ಖೋಲಿನೂ ಒಂದ. ಕಿಟಕಿ ತನಕ ಅದರದ. ಅದರ ನಡುವ ಲಿಫ್ಟ್ ನಿಲ್ಲಸಾಕ ಬರೂದಿಲ್ಲ. ಹಿಂದಿನ ಅಂಗಳದಾಗ, ಹೊರಗ ಹಾಕ್ಕೋರಿ ಅಂದ್ಲು."

ಅಧಿಕಾರಿ ತನಗೆ ಬೇಕಾದ ಮಾತನ್ನು ಪಡೆದುಕೊಂಡು ಲಿಫ್ಟ್ ಕಳೆದುಕೊಂಡಿದ್ದ. ಈಕೆ ಕೋಣೆ ಕಳೆದುಕೊಂಡಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಗೆ ನನಗೆ ನಗು ತಡೆಯಲಾಗಲಿಲ್ಲ. ಕೋಲು ಅಲುಗಾಡಿತು. ಮನೆಯ ಸಾಮಾನು ನಗುತ್ತಿದೆ ಅಂತ ಸಮಿತಿಯವರಿಗೆ ಆಗ ಗೊತ್ತಾಯಿತು.

ಒಡೆಯುವುದನ್ನು ಮೊದಲು ಪೂರ್ತಿ ದಾಖಲಿಸಬೇಕು ಅನ್ನುವುದು ಅವರ ಪದ್ಧತಿ. ಆ ಚಿಕ್ಕ ಕೋಣೆಯನ್ನು ಆಕೆ ಬರೆದ ಹಾಗೆ ಆ ಮನೆಯ ದೊಡ್ಡ ಹಾಲನ್ನೂ ಬರೆದಿರಲಿಲ್ಲ. ಗೂಡಿನ ಒಂದೊಂದು ಅಡ್ಡಪಟ್ಟಿ, ತಟ್ಟೆ ತಿಕ್ಕಿ ಸವೆದ ಗುರುತು, ಯಾರೋ ಒರೆಸುವ ಬಟ್ಟೆ ನೇತುಹಾಕುತ್ತಿದ್ದ ಮೊಳೆ. ಕಿಟಕಿ ಕಟ್ಟೆಯ ತಗ್ಗಿಗೆ ಒಂದು ಇಡೀ ಹಾಳೆ. ಅದರ ಆಳ ಅಳೆಯಲು ನನ್ನ ಮೊಣಕೈ ಊರಿಸಿ ನೋಡಿದಳು. "ಆಕಿ ನಿಮಗಿಂತ ಎತ್ತರ ಇದ್ದಳ್ರಿ," ಅಂದಳು.

"ಕೆಲ್ಸನೂ ಜಾಸ್ತಿ ಮಾಡ್ತಿದ್ಲು ಬಿಡು," ಅಂದೆ.

ಗೋಡೆ ತೆಗೆಯುವ ದಿನ ನಾವಿಬ್ಬರೂ ಹೋಗಲಿಲ್ಲ. ಆಕೆಯನ್ನು ನಮ್ಮ ಮನೆಯಲ್ಲಿ ಕೂರಿಸಿಕೊಂಡು ಹೋಳಿಗೆ ಮಾಡಿದೆ. ಹೂರಣ ಕಟ್ಟುತ್ತಾ ಮಗಳು ಒಮ್ಮೆ ಬಾಯಿ ತಪ್ಪಿ, "ಆಂಟಿ, ಹೇಳ್ದೇ ಇದ್ದಿದ್ರೆ ರೂಮ್ ಉಳೀತಿತ್ತಾ?" ಅಂದಳು. ನಾನು ಕಣ್ಣು ಬಿಟ್ಟೆ. ಆಕೆ ಹೋಳಿಗೆ ಮಗುಚುತ್ತಾ, "ಉಳೀಬಹುದಿತ್ತು," ಅಂದಳು, ಮತ್ತೊಂದು ಉಂಡೆ ತೆಗೆದುಕೊಂಡಳು.

ಕೆಲವು ದಿನ ಕಳೆದ ಮೇಲೆ ಮೀಸೆಯವನು ನನ್ನ ಮಣೆ ಅಲ್ಲೇ ಉಳಿದಿದೆ, ಬಂದು ತೆಗೆದುಕೊಂಡು ಹೋಗಿ ಅಂತ ಹೇಳಿ ಕಳಿಸಿದ. ಪಕ್ಕದ ಮನೆಯ ಕರೆಗಂಟೆ ಒತ್ತಿದೆ, ಯಾರೂ ತೆಗೆಯಲಿಲ್ಲ. ಮಗಳು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ಊಟದ ಹಾಲಿನ ಬಾಗಿಲಲ್ಲಿ ನಿಂತರೆ ನನಗೆ ಒಂದು ಕ್ಷಣ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಗೋಡೆ ಇರಲಿಲ್ಲ. ಹಲಗೆಗಳೂ ಇರಲಿಲ್ಲ. ಕಪ್ಪು ಬಿಳುಪು ಕಲ್ಲು ಒಂದೇ ಸಮನೆ ಹಿಂದಿನ ಕಿಟಕಿಯವರೆಗೆ ಹರಿದಿತ್ತು. ಸುಳ್ಳು ಛಾವಣಿ ಕಿತ್ತ ಜಾಗದಲ್ಲಿ ಸುಣ್ಣದ ಹಣ್ಣು ಎಲೆಗಳು, ಇಷ್ಟು ಕಾಲ ಕತ್ತಲಲ್ಲಿದ್ದು ಒಂದು ಚೂರೂ ಮಾಸದೆ ನಿಂತಿದ್ದವು. ತೋಟದ ಬೆಳಕು ಆ ಕಿಟಕಿಯಿಂದ ಬಂದು ಹಾಲಿನ ಈಚೆ ತುದಿಯವರೆಗೆ ಬಿದ್ದಿತ್ತು.

ಆಕೆ ಅಲ್ಲೇ ಇದ್ದಳು. ಬಾಗಿಲಿಗೆ ದೂರದ ಮೂಲೆಯಲ್ಲಿ, ನೆಲದ ಮೇಲೆ ಚಕ್ಕಂಬಟ್ಟಲು ಹಾಕಿ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು. ನಾನು ಹೋಗಿ ಕಿಟಕಿಯ ಮುಂದೆ ನಿಂತೆ.

ಆಕೆ ತಲೆ ಎತ್ತಲಿಲ್ಲ. "ಮಾವಶಿ, ಸ್ವಲ್ಪ ಸರೀರಿ," ಅಂದಳು. "ಬೆಳಕಿಗೆ ಅಡ್ಡ ನಿಂತೀರಿ."